ಒಂಟಿಯಾಗಿ ಹೋದ ಸೀರೆಯ ದಿಂಡು

ದಿಂಡಿಗೆ ಕಟ್ಟಿದ ದಾರದ ಬಣ್ಣ ಹಸಿರು ಎಂದು ನಾನು ಬರೆಯುತ್ತೇನೆ, ಆದರೆ ಅದು ಕೆಂಪಾಗಿದ್ದಿರಬಹುದು. ನನ್ನ ಸೋದರಮಾವ ಕೊನೆಯವರೆಗೂ ಕೆಂಪು ಎಂದೇ ಹೇಳುತ್ತಿದ್ದ. ಆ ದಿನಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಆ ವಾರದ ಪುಟಗಳನ್ನು ತೆಗೆದು ನೋಡಿದರೆ ದಾರದ ಸುದ್ದಿಯೇ ಇಲ್ಲ. ಬಸ್ಸಿನಲ್ಲಿ ಹೊಸ ಚಪ್ಪಲಿ ಕಚ್ಚಿದ್ದು, ನರಗುಂದದ ನಮ್ಮ ಮನೆಯಲ್ಲಿ ಹಾಲು ಒಡೆದದ್ದು, ಇಂಥವೇ ಇವೆ. ದೊಡ್ಡದು ನಡೆಯುತ್ತಿರುವಾಗ ಸಣ್ಣದನ್ನು ಬರೆದಿಡುವ ಚಾಳಿ ನನಗೆ ಮೊದಲಿನಿಂದಲೂ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಯಾವುದು ನಾನೇ ಕಂಡದ್ದು, ಯಾವುದು ಮನೆಯವರ ಬಾಯಲ್ಲಿ ಕೇಳಿ ಕೇಳಿ ಕಂಡಂತೆ ಆದದ್ದು ಎಂದು ನನಗೇ ಗಟ್ಟಿಯಾಗಿ ಗೊತ್ತಿಲ್ಲ. ವರ್ಷವೂ ಅಷ್ಟೆ. ನಮ್ಮ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಮರುವರ್ಷ ಇರಬೇಕು, ಇಲ್ಲವೆ ಅದರ ಮುಂದಿನದು. ನಾನು ಧಾರವಾಡದ ಕಾಲೇಜಿನಿಂದ ದೀಪಾವಳಿ ರಜೆಗೆ ಬಂದಿದ್ದೆ. ಒಂದು ಮಾತನ್ನು ಮಾತ್ರ ಅನುಮಾನವಿಲ್ಲದೆ ಹೇಳಬಲ್ಲೆ: ಆ ರಜೆಯಲ್ಲಿ ನಮ್ಮ ಎದೆ ಬಡಿದುಕೊಂಡಷ್ಟು ಜೋರಾಗಿ ಮತ್ತೆಂದೂ ಬಡಿದುಕೊಳ್ಳಲಿಲ್ಲ.

ಗಜೇಂದ್ರಗಡದಲ್ಲಿ ನನ್ನ ತಾಯಿಯ ತವರು. ಮುಂಭಾಗ ಸೀರೆಯ ಅಂಗಡಿ, ಹಿಂಭಾಗ ಕುಣಿ ಮಗ್ಗಗಳು, ನಡುವೆ ಊಟ, ನಿದ್ದೆ, ಜಗಳ. ಮುತ್ಯಾ, ಅಂದರೆ ತಾಯಿಯ ತಂದೆ, ವ್ಯಾಪಾರಿಯೂ ಹೌದು, ನೇಕಾರನೂ ಹೌದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಿ ಕಳಚಿ ಮಗ್ಗದ ಕುಣಿಗೆ ಇಳಿದುಬಿಡುತ್ತಿದ್ದ. ಅವನ ವ್ಯಾಪಾರಕ್ಕೆ ಒಂದು ಕಟ್ಟಳೆ ಇತ್ತು. ಮಾಲು ಒಂಟಿಯಾಗಿ ಹೋಗಕೂಡದು. ಗದಗಕ್ಕಾಗಲಿ, ಸೊಲ್ಲಾಪುರಕ್ಕಾಗಲಿ, ಮುಂಬೈಗಾಗಲಿ, ಸೀರೆಯ ದಿಂಡಿನ ಸಂಗಡ ಮನೆಯ ಒಬ್ಬ ಮನುಷ್ಯ ಇರಲೇಬೇಕು. ಅವನು ರೈಲಿನಲ್ಲಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಬೇಕು, ಕೊಳ್ಳುವವನ ಗಾದಿಯ ಮೇಲೆ ಕೈಯಾರೆ ಇಳಿಸಬೇಕು, ಆತ ಬಿಚ್ಚಿ ನೋಡಿ ತಲೆಯಾಡಿಸಿದ ಮೇಲೆಯೇ ನೀರು ಕುಡಿಯಬೇಕು. ರೈಲ್ವೆ ಪಾರ್ಸಲ್ ಎಂಬುದು ಇದ್ದೇ ಇತ್ತು, ಊರಿನ ಬೇರೆ ವ್ಯಾಪಾರಿಗಳು ಕಳಿಸುತ್ತಲೂ ಇದ್ದರು. ಮುತ್ಯಾ ಅದನ್ನು ಎಳೆ ಮಗುವನ್ನು ಸಂತೆಯಲ್ಲಿ ಬಿಟ್ಟು ಬರುವುದಕ್ಕೆ ಹೋಲಿಸುತ್ತಿದ್ದ.

ದಿಂಡು ಕಟ್ಟುವ ಕೆಲಸ ಆಯಿಯದು, ನನ್ನ ಅಜ್ಜಿಯದು. ಬಿಳಿಯ ದುಪ್ಪಟಿಯಲ್ಲಿ ಸೀರೆಗಳನ್ನು ಸುತ್ತಿ, ದಾರ ಬಿಗಿದು, ಅದರ ಎಳೆಗಳನ್ನೆಲ್ಲ ಎಡಮೂಲೆಗೆ ತಂದು ಜಡೆಯಂತೆ ಹೆಣೆಯುತ್ತಿದ್ದಳು. ಹೆಣೆದ ಜಡೆಯ ತುದಿಯನ್ನು ಮಡಿಕೆಯ ಒಳಗೆ ಸಿಕ್ಕಿಸಿಬಿಡುತ್ತಿದ್ದಳು. ಎಲ್ಲಿಂದ ಶುರು, ಎಲ್ಲಿಗೆ ಕೊನೆ ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಅದು ನಮ್ಮ ಮನೆಯ ಗುರುತು. ತುದಿ ಹೊರಗೆ ಜೋತಾಡಿದರೆ ಯಾರಾದರೂ ಎಳೆಯುತ್ತಾರೆ, ಎಳೆದರೆ ಬಿಚ್ಚುತ್ತದೆ, ಅಷ್ಟೇ ಅವಳ ಶಾಸ್ತ್ರ. ಆದರೆ ಆ ಶಾಸ್ತ್ರ ದಿಂಡಿಗೆ ಮಾತ್ರ ನಿಲ್ಲಲಿಲ್ಲ. ಎಲ್ಲಿ ಏನು ಜೋತಾಡುತ್ತಿದ್ದರೂ ಆಯಿಯ ಕೈ ಅಲ್ಲಿಗೆ ಹೋಗುತ್ತಿತ್ತು. ನನ್ನ ಜಡೆಯ ರಿಬ್ಬನ್, ಮುತ್ಯಾನ ಧೋತರದ ಚುಂಗು, ಬಾಗಿಲ ಪರದೆಯ ಎಳೆ, ಮಾತಾಡುತ್ತಾಡುತ್ತಲೇ ಎಲ್ಲವೂ ಒಳಗೆ. ಒಮ್ಮೆ ಬೀಗರ ಹೆಣ್ಣುಮಗಳು ಊಟಕ್ಕೆ ಕೂತಾಗ ಅವಳ ಸೆರಗಿನ ಬಿಟ್ಟ ಎಳೆಯನ್ನು ಬಡಿಸುತ್ತಲೇ ಹಲ್ಲಿನಿಂದ ಕತ್ತರಿಸಿದ್ದಳಂತೆ.

ಇಂಥ ಮನೆಗೆ ಆ ದೀಪಾವಳಿಯಲ್ಲಿ ಮಾಮಾ, ಅಂದರೆ ನನ್ನ ಆ ಸೋದರಮಾವ, ಮುಂಬೈಯಿಂದ ಬಂದ. ಅವನು ಒಂದು ವಿಮಾನ ಕಂಪನಿಯ ಸರಕು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ. ಬೇರೆಯವರು ಮುಂಬೈಯಿಂದ ಮಿಠಾಯಿ ತರುತ್ತಾರೆ, ಅವನು ಕಾಗದದ ಒಂದು ಉದ್ದ ಪಟ್ಟಿ ತಂದಿದ್ದ. ಬೆರಳಗಲದ ಹಳದಿ ಪಟ್ಟಿ, ಅದರ ತುಂಬ ಸಾಲು ಸಾಲು ಸಣ್ಣ ತೂತು. ಮುತ್ಯಾ ಅದನ್ನು ಕೈಗೆ ತೆಗೆದುಕೊಂಡು ಅಂಗಡಿಯ ಬಾಗಿಲಿಗೆ ಹೋಗಿ, ಸೀರೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆಯೇ ಹಿಡಿದು ನೋಡಿದ.

“ಬರೇ ತೂತು ಬಿದ್ದೈತಲ್ಲೋ. ಇಂಥಾ ಮಾಲು ನಾ ಅಂಗಡ್ಯಾಗ ಇಟ್ಟಿದ್ರ ನಮ್ಮ ಮನಿತನಾ ಎಂದೋ ಎದ್ದು ಹೋಗ್ತಿತ್ತು.”

“ಆ ತೂತಿನಾಗ ಮಾತು ಅದಾವಪ್ಪಾ,” ಎಂದ ಮಾಮಾ.

ಆಮೇಲೆ ಅವನು ಹೇಳಿದ್ದನ್ನು ನಾವು ಬಾಯಿ ತೆರೆದುಕೊಂಡು ಕೇಳಿದೆವು. ಅವನ ಆಫೀಸಿನಲ್ಲಿ ಟೆಲಿಪ್ರಿಂಟರ್ ಎಂಬ ಯಂತ್ರ ಕೂಡಿಸಿದ್ದರು. ಮುಂಬೈಯಲ್ಲಿ ಒಬ್ಬರು ಅಕ್ಷರ ಒತ್ತಿದರೆ ಪಟ್ಟಿಯಲ್ಲಿ ತೂತು ಬೀಳುತ್ತದೆ. ಆ ಪಟ್ಟಿಯನ್ನು ಯಂತ್ರಕ್ಕೆ ಉಣಿಸಿದರೆ ದಿಲ್ಲಿಯಲ್ಲಿರುವ ಇನ್ನೊಂದು ಯಂತ್ರ, ಮುಂದೆ ಯಾರೂ ಕೂತಿರದಿದ್ದರೂ, ತಾನೇ ಟಕಟಕನೆ ಬರೆಯುತ್ತದೆ. ಯಾವ ವಿಮಾನದಲ್ಲಿ ಯಾರು ಬರುತ್ತಾರೆ, ಅವರ ಪೆಟ್ಟಿಗೆ ಯಾವುದು, ವಿಮಾನದ ಹೊಟ್ಟೆಯೊಳಗೆ ಏನು ಸರಕು ಇದೆ ಎಂದು ಅದು ಇಳಿಯುವ ಮೊದಲೇ ಆ ಊರಿನವರಿಗೆ ಗೊತ್ತಿರುತ್ತದೆ. ಪರದೇಶದಲ್ಲಿ ಇದಕ್ಕೂ ಮುಂದೆ ಹೋಗಿದ್ದಾರಂತೆ. ಅಲ್ಲಿ ಎಲೆಕ್ಟ್ರಾನಿಕ್ ಯಂತ್ರವೊಂದು ವಿಮಾನದ ಖಾಲಿ ಕುರ್ಚಿಗಳನ್ನೆಲ್ಲ ನೆನಪಿಟ್ಟುಕೊಂಡು, ಗುಂಡಿ ಒತ್ತಿದರೆ ದೀಪ ಹತ್ತಿಸಿ ಉತ್ತರ ಹೇಳುತ್ತದಂತೆ. ಟಿಕೆಟ್ಟು, ಪೆಟ್ಟಿಗೆ, ಸರಕು ಮೂರನ್ನೂ ಒಂದೇ ಯಂತ್ರ ನೋಡಿಕೊಳ್ಳುವ ಕಾಲ ಬರುತ್ತದೆ ಎಂದು ಹೇಳುವಾಗ ಮಾಮಾನ ಕಣ್ಣು ಹೊಳೆಯುತ್ತಿದ್ದವು.

ಮುತ್ಯಾ ಪಟ್ಟಿಯನ್ನು ಮಡಿಚಿ ಕೊಡುತ್ತ, ಆ ಯಂತ್ರ ಮರೆತರೆ ಯಾರನ್ನು ಕೇಳಬೇಕು ಎಂದು ಕೇಳಿದ. ನಾವೆಲ್ಲ ನಕ್ಕೆವು. ಚಿಗವ್ವ ಮಾತ್ರ ನಗಲಿಲ್ಲ.

ಚಿಗವ್ವ ನನ್ನ ತಾಯಿಯ ಕಡೆಯ ತಂಗಿ, ನನಗಿಂತ ಒಂದೆರಡು ವರ್ಷ ದೊಡ್ಡವಳು. ಮ್ಯಾಟ್ರಿಕ್ ಮುಗಿಸಿ, ಗದಗದಲ್ಲಿ ಬಂಧುಗಳ ಮನೆಯಲ್ಲಿದ್ದು ಟೈಪಿಂಗ್ ಕಲಿತು ಬಂದಿದ್ದಳು. ಊರಲ್ಲಿ ಯಂತ್ರ ಇರಲಿಲ್ಲ, ಕೈ ಮರೆಯಬಾರದು. ಅದಕ್ಕೆ ಅವಳು ಊಟದ ಮಣೆಯೊಂದನ್ನು ತಿರುವಿಹಾಕಿ, ಅದರ ಬೆನ್ನಿಗೆ ಸುಣ್ಣದಲ್ಲಿ ಅಕ್ಷರದ ಮನೆಗಳನ್ನು ಬರೆದುಕೊಂಡಿದ್ದಳು. ಮಧ್ಯಾಹ್ನ ಮಗ್ಗದ ಸದ್ದಿನ ನಡುವೆ ಅವಳ ಬೆರಳುಗಳು ಆ ಮಣೆಯ ಮೇಲೆ ಓಡುತ್ತಿದ್ದವು. ಯಾರಾದರೂ ಮರೆತು ಆ ಮಣೆಯ ಮೇಲೆ ಕೂತರೆ ಅಂದು ಅವರ ಬಟ್ಟೆಯ ಹಿಂಭಾಗದಲ್ಲಿ ಇಂಗ್ಲಿಷ್ ಅಕ್ಷರ.

ಹಿಂದಿನ ಬೇಸಿಗೆಯಲ್ಲಿ ಅಣ್ಣನ ಮನೆಗೆಂದು ಮುಂಬೈಗೆ ಹೋದಾಗ ಅವಳು ಅದೇ ಕಂಪನಿಯ ಟೆಲಿಪ್ರಿಂಟರ್ ಕೋಣೆಯ ಕೆಲಸಕ್ಕೆ ಪರೀಕ್ಷೆ ಕೊಟ್ಟಿದ್ದಳು. ಅಣ್ಣ ತಂಗಿ ಇಬ್ಬರೂ ಅದರ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಈಗ ಕರೆ ಬಂದಿತ್ತು. ಹಬ್ಬ ಮುಗಿದ ಮೇಲೆ ಬಂದು ಸೇರಬೇಕು, ಇಲ್ಲವಾದರೆ ಆ ಕುರ್ಚಿ ಬೇರೆಯವರಿಗೆ. ಮಾಮಾ ತೂತಿನ ಪಟ್ಟಿ ತಂದದ್ದೇ ಈ ಮಾತಿಗೆ ದಾರಿ ಮಾಡಲು. ಮಾತು ಹೊರಬಿದ್ದಾಗ ಮುತ್ಯಾ ಕೂಗಾಡಲಿಲ್ಲ. ಆ ಕೋಣೆಯಲ್ಲಿ ಅವಳು ಮಾಡುವ ಕೆಲಸ ಏನು ಎಂದು ಮಾತ್ರ ಕೇಳಿದ. ಸರಕು ಮುಟ್ಟುವ ಮೊದಲೇ ಅದರ ಸುದ್ದಿ ಮುಟ್ಟಿಸುವುದು ಎಂದಳು ಚಿಗವ್ವ.

“ಅಂದ್ರ, ಮಾಲಿನ ಸಂಗಾಟ ಮನುಷ್ಯಾ ಬ್ಯಾಡ, ಬರೇ ಸುದ್ದಿ ಸಾಕು ಅಂತಿ.”

“ಸಾಕಪ್ಪಾ. ಚೀಟಿ ಮ್ಯಾಲೆ ನಂಬರ್ ಇರತೈತಿ.”

ಆಗ ಮುತ್ಯಾ ಹೇಳಿದ ಮಾತು ಆಮೇಲೆ ನಮ್ಮ ಮನೆಗಳಲ್ಲಿ ಎಷ್ಟು ಸಲ ಹೇಳಿಸಿಕೊಂಡಿದೆಯೆಂದರೆ ಅದರ ಮೂಲದ ಶಬ್ದಗಳು ಇವೇ ಎಂದು ನಾನು ಆಣೆ ಮಾಡಲಾರೆ. “ಹಂಗಾದ್ರ ಒಂದು ದಿಂಡು ಒಂಟಿಯಾಗಿ ಕಳಸೂಣು. ಮುಟ್ಟಿದ್ರ ನೀ ಹೋಗು. ಮುಟ್ಟಲಿಲ್ಲಂದ್ರ ನೀನೂ, ನಿಮ್ಮ ಅಣ್ಣನೂ ಮತ್ತ ಈ ಮಾತು ತಗೀಬ್ಯಾಡ್ರಿ.”

ಆಯಿ ಒಳಗಿನಿಂದಲೇ, “ಸೀರಿ ಬ್ಯಾರೆ, ಹುಡುಗಿ ಬ್ಯಾರೆ,” ಎಂದಳು.

ಕಳಿಸಲು ಕಾರಣವೂ ಸಿಕ್ಕಿತು. ಮುಂಬೈಯ ಒಬ್ಬ ಹಳೆಯ ಗಿರಾಕಿಯ ಬಂಧುಗಳು ಆಫ್ರಿಕಾಕ್ಕೆ ಹೊರಟಿದ್ದರು, ಅಲ್ಲಿ ಮಗಳ ಮದುವೆ. ಅವರಿಗೆ ಕೆಂಪು ಸೆರಗಿನ ನಮ್ಮ ಸೀರೆಗಳು ಬೇಕಿದ್ದವು. ರೈಲಿನಲ್ಲಿ ಕಳಿಸಿದರೆ ಅವರು ಹಡಗು ಹತ್ತಿ ಹೋಗಿಬಿಡುತ್ತಿದ್ದರು. ಬೆಳಗಾವಿಯಿಂದ ವಿಮಾನದಲ್ಲಿ ಹಾಕಿದರೆ ಅದೇ ದಿನ ಮುಂಬೈ. ಆ ಸೀರೆಗಳಲ್ಲಿ ಕೊನೆಯದು ಇನ್ನೂ ಮಗ್ಗದ ಮೇಲಿರುವಾಗಲೇ ಮಾಮಾ ರಜೆ ಮುಗಿಸಿ ಮುಂದಾಗಿ ಹೋದ. ಹೋಗುವ ಮೊದಲು ಕಂಪನಿಯ ದಪ್ಪ ಕಾಗದದ ಚೀಟಿಯೊಂದನ್ನು ಆಯಿಯ ಕೈಗೆ ಕೊಟ್ಟ. ಒಂದೇ ನಂಬರಿನ ಎರಡು ತುಂಡು ಅದಕ್ಕೆ. ಒಂದು ತುಂಡು ದಿಂಡಿನ ಮೇಲೆ ಕಟ್ಟಬೇಕು, ಇನ್ನೊಂದು ಮುತ್ಯಾನ ಹತ್ತಿರ ಇರಬೇಕು. ನಂಬರನ್ನು ಅವನು ಬರೆದುಕೊಂಡು ಹೋದ.

ದಿಂಡು ಕಟ್ಟಿದ ಮುಂಜಾನೆ ನನಗೆ ಚೆನ್ನಾಗಿ ನೆನಪಿದೆ, ಅಥವಾ ಚೆನ್ನಾಗಿ ನೆನಪಿದೆ ಎಂದು ಅನಿಸುತ್ತದೆ. ಮುತ್ಯಾ ಒಂದೊಂದೇ ಸೀರೆಗೆ ಅರಿಷಿಣ ಕುಂಕುಮ ಮುಟ್ಟಿಸಿ ಕೊಟ್ಟ. ಆಯಿ ಸುತ್ತಿದಳು. ಚಿಗವ್ವ ಅವಳ ಎದುರಿಗೆ ಮೊಳಕಾಲೂರಿ ಕೂತು ದಾರವನ್ನು ಜಗ್ಗಿ ಹಿಡಿದಿದ್ದಳು, ಹಸಿರು ದಾರ. ನಾನು ಬಾಗಿಲಲ್ಲಿ ನಿಂತಿದ್ದೆ. ಬಸ್ಸಿಗೆ ತಡವಾಗುತ್ತದೆಂದು ಎಲ್ಲರಿಗೂ ಅವಸರ. ಆಯಿ ಹೆಣೆದಳು, ತುದಿ ಸಿಕ್ಕಿಸಿದಳು, ದಿಂಡನ್ನು ಒಮ್ಮೆ ಅಂಗೈಯಿಂದ ತಟ್ಟಿದಳು. ಮುತ್ಯಾ ಅದನ್ನು ಹೆಗಲಿಗೇರಿಸಿಕೊಂಡ. ಚೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ನಮ್ಮ ಮನೆ ನರಗುಂದದಲ್ಲಿ. ನಾನು ಹೇಗೂ ಹಿಂದಿರುಗಬೇಕಿತ್ತು. ಚಿಗವ್ವನೂ ನನ್ನ ಜೊತೆ ಬಂದಳು, ಏಕೆಂದರೆ ಮುತ್ಯಾ ಬೆಳಗಾವಿಯಿಂದ ಮರಳುವಾಗ ನರಗುಂದದಲ್ಲೇ ಇಳಿಯುವುದು, ಮಾಮಾನ ತಂತಿಯೂ ಅಲ್ಲಿಗೇ ಬರುವುದು ಎಂದು ಮಾತಾಗಿತ್ತು. ಬಸ್ಸು ರೋಣದಲ್ಲಿ ನಿಂತಾಗ ಜನ ತುಂಬಿಕೊಂಡರು. ಕಂಡಕ್ಟರ್ ಮುತ್ಯಾನ ತೊಡೆಯ ಮೇಲಿನ ದಿಂಡು ನೋಡಿ, ಅದನ್ನು ಟಾಪಿನ ಮೇಲೆ ಹಾಕಿರಿ ಎಂದ.

“ಇದು ನಾಳಿ ಮುಗಿಲಾಗ ಹೋಗೂದೈತಿ,” ಎಂದ ಮುತ್ಯಾ. “ಇವತ್ತರ ತೊಡಿ ಮ್ಯಾಲೆ ಕುಂಡ್ರಲಿ ಬಿಡು.”

“ಹಂಗಾದ್ರ ಅದಕ್ಕೂ ಒಂದು ಟಿಕೀಟ್ ತಗೋರಿ ಅಜ್ಜಾರ.”

“ಅದರ ಟಿಕೀಟ್ ಆಗಲೇ ಮುಂಬೈದಾಗ ಆಗೇತಪಾ. ನಿಂದು ಹಳೇ ಪದ್ಧತಿ.”

ಬಸ್ಸೆಲ್ಲ ನಕ್ಕಿತು. ಬೆಳವಣಕಿಯ ಕಡೆಯ ಒಬ್ಬ ಹೆಂಗಸು ಬಗ್ಗಿ ದಿಂಡನ್ನು ಮುಟ್ಟಿ, ವಿಮಾನದಲ್ಲಿ ಹೋದ ಸೀರೆ ಉಟ್ಟವರಿಗೆ ತಲೆ ತಿರುಗುತ್ತದೋ ಏನೋ ಎಂದಳು. ಮುತ್ಯಾನಿಗೆ ಈ ಗಮನವೆಲ್ಲ ಖುಷಿಯಾಗಿತ್ತು. ಮೂರು ದಿನದ ಹಿಂದೆ ವಿರೋಧ ಮಾಡಿದವನು ಈಗ ಬಸ್ಸಿನವರಿಗೆ ತೂತಿನ ಪಟ್ಟಿಯ ಕತೆಯನ್ನು ಮಾಮಾನಿಗಿಂತ ಚಲೋ ಹೇಳುತ್ತಿದ್ದ. ಎರಡೂ ಕಡೆ ಕರಿ ಹೊಲಗಳಲ್ಲಿ ಹತ್ತಿ ಮೊಳಕಾಲೆತ್ತರ ಎದ್ದಿತ್ತು. ಚಿಗವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು, ಅವಳ ಬೆರಳು ಮಾತ್ರ ತೊಡೆಯ ಮೇಲೆ ಏನನ್ನೋ ಒತ್ತುತ್ತಿದ್ದವು. ಏನು ಬರೆಯುತ್ತಿದ್ದೀ ಎಂದು ಕೇಳಿದರೆ, ಬಸ್ಸಿನ ಬೋರ್ಡು ಎಂದಳು.

ನರಗುಂದದಲ್ಲಿ ನಾವಿಬ್ಬರೂ ಇಳಿದೆವು. ಮುತ್ಯಾ ದಿಂಡಿನೊಂದಿಗೆ ಸವದತ್ತಿಯ ಮೇಲೆ ಬೆಳಗಾವಿಗೆ ಹೋದ. ಮರುದಿನ ವಿಮಾನ ಹೊರಡುವ ಹೊತ್ತಿಗೆ ಸರಿಯಾಗಿ ನಾವು ಮಾಳಿಗೆ ಹತ್ತಿದೆವು. ಬೆಳಗಾವಿಯಿಂದ ಮುಂಬೈಗೆ ಹೋಗುವ ವಿಮಾನ ನರಗುಂದದ ಮೇಲೆ ಹಾಯುವುದೇ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಗುಡ್ಡದ ಆಚೆ, ಪಡುವಣದಲ್ಲಿ, ಬೆಳ್ಳಿಯ ಚುಕ್ಕೆಯೊಂದು ಹೊಳೆದು ಹೋದದ್ದನ್ನು ನಾನು ಕಂಡಿದ್ದೇನೆ. ಕಾಣಲು ಸಾಧ್ಯವೇ ಇರಲಿಲ್ಲ ಎಂದು ಬುದ್ಧಿ ಹೇಳುತ್ತದೆ. ಕಣ್ಣು ಇವತ್ತಿಗೂ ಒಪ್ಪುವುದಿಲ್ಲ. ನನ್ನ ನೆನಪನ್ನು ನಾನು ನಂಬದಿರುವುದಕ್ಕೆ ಈ ಚುಕ್ಕೆಯೇ ಮೊದಲ ಕಾರಣ.

ಸಂಜೆಗೆ ತಂತಿ ಬಂತು. ತಂದವನ ಕೈಯಿಂದ ಚಿಗವ್ವ ಕಸಿದುಕೊಂಡಳು. ವಿಮಾನ ಬಂದಿದೆ, ನಿಮ್ಮ ನಂಬರ್ ಎಲ್ಲಿಯೂ ಇಲ್ಲ ಎಂದು ಮಾಮಾ ತಿಳಿಸಿದ್ದ.

ಅಪ್ಪ, ಅವ್ವ, ನಾನು, ಮೂವರೂ ಒಟ್ಟಿಗೆ ಮಾತಾಡತೊಡಗಿದೆವು. ಬೆಳಗಾವಿಯಲ್ಲಿ ಹೇರಲಿಲ್ಲವೋ, ಮುತ್ಯಾನ ಬಸ್ಸು ತಪ್ಪಿತೋ, ಕಳುವಾಯಿತೋ. ಚಿಗವ್ವ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ನಾನು ಅವಳ ಹಿಂದೆ ಓಡಿದೆ. ಹೊಸ ಚಪ್ಪಲಿ ಕಚ್ಚಿದ ಗಾಯ ಉರಿಯುತ್ತಿತ್ತು, ಅದು ದಿನಚರಿಯಲ್ಲೂ ಇದೆ. ಪೋಸ್ಟ್ ಆಫೀಸಿನ ತಾರ್ ಮಾಸ್ತರ ಟೊಪ್ಪಿಗೆ ಇಟ್ಟುಕೊಂಡು ಮನೆಗೆ ಹೊರಟಿದ್ದರು. ನಾಳೆ ಬನ್ನಿ ಎಂದರು.

“ನಾಳೀ ಅನ್ನೂದ್ರಾಗ ಅದು ಯಾವ ದೇಶದಾಗ ಇರತೈತೋ ಏನೋ, ಮಾಸ್ತರ್ರ,” ಎಂದಳು ಚಿಗವ್ವ. “ಈಗ ಕಳಸ್ರಿ. ನಾ ಮುಂಬೈಗೆ ಹೋಗೂದು ಬಿಡೂದು ಇದರ ಮ್ಯಾಲೈತಿ.”

ಅವರು ಟೊಪ್ಪಿಗೆ ತೆಗೆದಿಟ್ಟು ಕೂತರು. ತಂತಿ ಇಂಗ್ಲಿಷಿನಲ್ಲಿ ಹೋಗಬೇಕು. ಚಿಗವ್ವ ಒಂದು ಕ್ಷಣವೂ ಯೋಚಿಸದೆ ಹೇಳತೊಡಗಿದಳು. ಕನ್ನಡದಲ್ಲಿ ಅದರ ತಾತ್ಪರ್ಯ ಇದು: ಚೀಟಿ ದಿಂಡಿನ ಒಳಗಿದೆ, ನಂಬರ್ ಹುಡುಕಬೇಡಿ. ಬಿಳಿ ದುಪ್ಪಟಿ, ಹಸಿರು ದಾರ, ಎಡಮೂಲೆಯಲ್ಲಿ ಹೆಂಗಸರ ಜಡೆಯಂತೆ ಹೆಣೆದ ಗಂಟು, ತುದಿ ಕಾಣುವುದಿಲ್ಲ. ಎಲ್ಲ ಊರುಗಳನ್ನೂ ಕೇಳಿ. ಜಡೆಗೆ ಇಂಗ್ಲಿಷ್ ಶಬ್ದವನ್ನು ಒದಗಿಸಿದವಳು ನಾನು. ಇಡೀ ಪ್ರಸಂಗದಲ್ಲಿ ನನ್ನ ಪಾಲಿನ ಕೊಡುಗೆ ಅದೊಂದೇ. ಮಾಸ್ತರರು ಬರೆದುಕೊಳ್ಳುತ್ತ, ಇಷ್ಟು ವರ್ಷದಲ್ಲಿ ಹುಟ್ಟು, ಸಾವು, ವರ್ಗಾವಣೆ ಎಲ್ಲ ಕಳಿಸಿದ್ದೇನೆ, ಜಡೆ ಇದೇ ಮೊದಲು ಎಂದರು. ಆಮೇಲೆ ಅವರ ಬೆರಳು ಕಟ್ಟಕಡ ಎನ್ನತೊಡಗಿತು. ಚಿಗವ್ವ ಮೇಜಿನ ಅಂಚನ್ನು ಹಿಡಿದು ಆ ಸದ್ದನ್ನು ಕಣ್ಣುಮುಚ್ಚಿ ಕೇಳಿದಳು.

ಹಿಂತಿರುಗುವಾಗ ನಾನು ಕೇಳಿದೆ, ಚೀಟಿ ಒಳಗಿದೆ ಎಂದು ನಿನಗೆ ಹೇಗೆ ಗೊತ್ತು ಎಂದು. “ನಮ್ಮವ್ವನ ಕೈ ನನಗ ಗೊತ್ತಿಲ್ಲೇನು,” ಎಂದಳು. ಜೋತಾಡುವ ಚೀಟಿಯನ್ನು ಆಯಿ ಹಾಗೆಯೇ ಬಿಡುವವಳಲ್ಲ. ಜಡೆಯ ತುದಿಯ ಜೊತೆ ಅದನ್ನೂ ಮಡಿಕೆಯೊಳಗೆ ಭದ್ರವಾಗಿ ಸಿಕ್ಕಿಸಿರುತ್ತಾಳೆ. ಸರಿಯೇ ಅನಿಸಿತು. ಇಬ್ಬರೂ ರಸ್ತೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಯಕ್ಕೆ ನಕ್ಕೆವೋ ಏನೋ.

ಮರುದಿನ ಮುತ್ಯಾ ಬೆಳಗಾವಿಯಿಂದ ದೊಡ್ಡ ಕೆಲಸ ಮುಗಿಸಿದವನ ಗತ್ತಿನಲ್ಲಿ ಬಂದಿಳಿದ. ರಾತ್ರಿ ಸವದತ್ತಿಯಲ್ಲಿ ಉಳಿದು ಮುಂಜಾನೆ ಹಿಡಿದ ಬಸ್ಸು ತಡವಾಗಿತ್ತಂತೆ, ವಿಮಾನ ಹೊರಡುವುದರಲ್ಲಿತ್ತಂತೆ. ಕೌಂಟರಿನ ಮನುಷ್ಯ ಮುತ್ಯಾನ ಕೈಯಲ್ಲಿದ್ದ ಅರ್ಧ ಚೀಟಿ ನೋಡಿ, ಇನ್ನರ್ಧ ದಿಂಡಿಗೆ ಕಟ್ಟಿದ್ದೀರಲ್ಲ ಎಂದು ಕೇಳಿದನಂತೆ. ಕಟ್ಟೇವ್ರಿ ಎಂದು ಇವನು ಘನತೆಯಿಂದ ಹೇಳಿದ್ದ. ವಿಷಯ ತಿಳಿದ ಮೇಲೆ ಅವನು ಜಗಲಿಯ ಮೇಲೆ ಕೂತುಬಿಟ್ಟ. ಗೆದ್ದೆ ಎಂದು ಅನ್ನಲಿಲ್ಲ, ನೋಡಿದಿರಾ ಎಂದೂ ಅನ್ನಲಿಲ್ಲ. ಚಿಗವ್ವ ಅವನ ಮುಂದೆ ಚಹಾ ಇಟ್ಟಳು. ಅದು ಆರಿತು.

ಮಧ್ಯಾಹ್ನ ಒಂದು ತಂತಿ ಬಂತು: ಸಿಕ್ಕಿತು, ಅಹಮದಾಬಾದಿನಿಂದ ಬರುತ್ತಿದೆ. ಇಳಿಹೊತ್ತಿಗೆ ಇನ್ನೊಂದು: ಮುಟ್ಟಿತು. ತಾರ್ ಮಾಸ್ತರರೇ ಅದನ್ನು ಹಿಡಿದುಕೊಂಡು ನಮ್ಮ ಓಣಿಗೆ ಬಂದಿದ್ದರು, ಜಡೆ ಏನಾಯಿತು ಎಂದು ಅವರಿಗೂ ತಡೆದುಕೊಳ್ಳಲಾಗಿರಲಿಲ್ಲ.

ನಡೆದದ್ದನ್ನು ಮಾಮಾ ಆಮೇಲೆ ಹೇಳಿದ. ಚೀಟಿ ಇಲ್ಲದ ದಿಂಡನ್ನು ಮುಂಬೈಯಲ್ಲಿ ಇಳಿಸಿಕೊಂಡವರು ಬೇರೆ ಯಾವುದೋ ಬಟ್ಟೆ ವ್ಯಾಪಾರಿಯ ಮಾಲೆಂದು ತಿಳಿದು ಅಹಮದಾಬಾದಿನ ವಿಮಾನಕ್ಕೆ ಹೇರಿದ್ದರು. ಚಿಗವ್ವನ ತಂತಿ ಸಿಕ್ಕಿದೊಡನೆ ಮಾಮಾ ಅದನ್ನು ಟೆಲಿಪ್ರಿಂಟರಿನಲ್ಲಿ ಎಲ್ಲ ಊರುಗಳಿಗೂ ಹೊಡೆದ. ಅದೇ ಹಳದಿ ಪಟ್ಟಿ, ಅದೇ ತೂತು, ಅದರೊಳಗೆ ಆಯಿಯ ಜಡೆ. ಇಡೀ ಕೋಣೆ ಕೆಲಸ ಬಿಟ್ಟು ಯಂತ್ರದ ಮುಂದೆ ನಿಂತಿತ್ತಂತೆ. ಯಂತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಮ್ಮೆಲೇ ನಡುಗಿ, ಜಡೆ ಇಲ್ಲಿದೆ ಎಂದು ತಾನೇ ಬರೆಯಿತಂತೆ. ಮಾಮಾ ಅದನ್ನು ಹೇಳುವಾಗಲೆಲ್ಲ ಎರಡೂ ಕೈಯಲ್ಲಿ ಆ ಯಂತ್ರದ ನಡುಕವನ್ನು ಮಾಡಿ ತೋರಿಸುತ್ತಿದ್ದ. ಸೀರೆಗಳು ಹಡಗು ಹತ್ತಿದವು.

ನರಗುಂದದ ಜಗಲಿಯಲ್ಲಿ ಮಾತ್ರ ತಕರಾರು ಮುಗಿದಿರಲಿಲ್ಲ. ಮುತ್ಯಾ ತಂತಿಯನ್ನು ಮತ್ತೊಮ್ಮೆ ಓದಿಸಿ ಕೇಳಿದ.

“ಮುಟ್ಟೂದೇನೋ ಮುಟ್ಟೇತಿ,” ಎಂದ. “ಖರೇ, ನಂಬರಿನಿಂದ ಮುಟ್ಟಿಲ್ಲ. ನಿಮ್ಮವ್ವನ ಗಂಟಿನಿಂದ ಮುಟ್ಟೇತಿ.”

“ಗಂಟಿನ ಸುದ್ದಿ ಅಲ್ಲೀತನಾ ಯಾರು ಮುಟ್ಟಿಸಿದ್ರಪ್ಪಾ?”

“ಯಂತ್ರ.”

“ಯಂತ್ರಕ್ಕ ಯಾರು ಹೇಳಿದ್ರು?”

ಮುತ್ಯಾ ಅವಳ ಮುಖ ನೋಡಿದ. ಅವನು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬಟ್ಟಲು ಕೆಳಗಿಟ್ಟು, “ಒಬ್ಬಾಕಿ ಮನುಷ್ಯಾಳು ಬೇಕ ಆದಳಲ್ಲ ಮತ್ತ,” ಎಂದ. “ಹೋಗು. ಆದ್ರ ಸುದ್ದಿ ಮುಟ್ಟಸೂದು ಬಿಡಬ್ಯಾಡ.” ಚಿಗವ್ವ ಒಳಗೆ ಹೋಗಿ ನನ್ನ ಅವ್ವನ ಹೆಗಲ ಮೇಲೆ ಮುಖ ಇಟ್ಟು ಅತ್ತಳು. ನಾನು ಯಾರಿಗೂ ಕಾಣದಂತೆ ಮಾಳಿಗೆಗೆ ಓಡಿ ಒಂದು ಸುತ್ತು ಕುಣಿದು ಬಂದೆ.

ಅವಳು ಹೊರಡುವ ದಿನ ನಾನೂ ಗಜೇಂದ್ರಗಡಕ್ಕೆ ಹೋಗಿದ್ದೆ. ತಗಡಿನ ಟ್ರಂಕಿಗೆ ಮುತ್ಯಾ ತಾನೇ ದಾರ ಬಿಗಿದ, ಆಯಿಯಿಂದ ಜಡೆ ಹೆಣೆಸಿದ. ಆಮೇಲೆ ಮುಂಬೈಯ ವಿಳಾಸ ಬರೆದ ಚೀಟಿಯನ್ನು ಹಿಡಿಕೆಗೆ ಕಟ್ಟಿದ. ಅದು ಹೊರಗೆ ಜೋತಾಡುತ್ತಿತ್ತು. ಆಯಿಯ ಕೈ ತಾನಾಗಿ ಅದರ ಕಡೆ ಹೋಯಿತು.

“ಅದು ಹೊರಗ ಇರಲಿ,” ಎಂದ ಮುತ್ಯಾ.

ಆಯಿ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೈಗೆ ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅದು ಗಾಳಿಯಲ್ಲೇ ಇತ್ತು. ಕೊನೆಗೆ ಚಿಗವ್ವನ ಕೊರಳ ಹಿಂದೆ ಬಿದ್ದಿದ್ದ ಕೂದಲ ಎಳೆಯೊಂದನ್ನು ಹಿಡಿದು ಜಡೆಯೊಳಗೆ ಸಿಕ್ಕಿಸಿತು.

ಚಿಗವ್ವ ಆ ಕಂಪನಿಯಲ್ಲೇ ಉದ್ದಕ್ಕೂ ಕೆಲಸ ಮಾಡಿದಳು. ತೂತಿನ ಪಟ್ಟಿ ಹೋಗಿ, ಮುಂದೆ ಬಹಳ ವರ್ಷಗಳ ಮೇಲೆ, ಮಾಮಾ ಹೇಳಿದ್ದ ಹಾಗೆಯೇ ಟಿಕೆಟ್ಟು, ಪೆಟ್ಟಿಗೆ, ಸರಕು ಎಲ್ಲವೂ ಬೆಳಕಿನ ಪರದೆಯ ಮೇಲೆ ಬಂದವು. ಅವಳೇ ಹೊಸ ಹುಡುಗಿಯರಿಗೆ ಅದನ್ನು ಕಲಿಸಿದಳು. ಮೊದಲ ಪಾಠವಾಗಿ ಜಡೆಯ ಕತೆ ಹೇಳುತ್ತಿದ್ದಳಂತೆ.

ಈಗ ಆ ಕತೆಯನ್ನು ನಾನು ಬರೆಯಲು ಕೂತಾಗ ಒಂದು ಎಳೆ ಹೊರಗೆ ಉಳಿಯುತ್ತದೆ. ತಾರ್ ಮಾಸ್ತರರ ಮುಂದೆ ಅವಳು ತಡವರಿಸಲಿಲ್ಲ. ಒಳಗಿರಬಹುದು ಎನ್ನಲಿಲ್ಲ, ಒಳಗಿದೆ ಎಂದಳು. ತಾಯಿಯ ಕೈ ಬಲ್ಲ ಮಗಳು ಹಾಗೆ ಊಹಿಸಬಹುದು, ನಿಜ. ಆದರೆ ದಿಂಡು ಕಟ್ಟುವಾಗ ಅವಳು ಆಯಿಯ ಎದುರಿಗೇ ಕೂತಿದ್ದಳು, ದಾರ ಜಗ್ಗಿ ಹಿಡಿದುಕೊಂಡು. ಅವಳ ಮುಂಬೈ ಆ ಚೀಟಿಯ ಮೇಲೆ ನಿಂತಿತ್ತು. ಅದು ಒಳಗೆ ಹೋಗುವುದನ್ನು ಕಂಡಿದ್ದರೆ ಹೇಳದೆ ಯಾಕಿದ್ದಳು? ಎಲ್ಲರ ಮುಂದೆ ತಾಯಿಯ ಕೈಯನ್ನು ತಿದ್ದಲು ಮನಸ್ಸು ಬರಲಿಲ್ಲವೋ? ಹೋಗಲು ಅವಳಿಗೇ ಒಂದು ಗಳಿಗೆ ಹೆದರಿಕೆಯಾಯಿತೋ? ಇಲ್ಲವೆ, ತಂತಿಯ ಶಕ್ತಿ ಎಷ್ಟೆಂದು ತಂದೆಗೆ ತೋರಿಸಿಬಿಡೋಣ ಎಂಬ ಹಟವೋ? ಅಥವಾ ಅವಳು ಎದುರಿಗೆ ಕೂತಿದ್ದಳು ಎಂಬುದೂ ನನ್ನ ಬೆಳ್ಳಿಯ ಚುಕ್ಕೆಯಂಥದೇ ಒಂದು ನೆನಪೋ?

ಹೋದ ಬಾರಿ ಅವಳು ನಮ್ಮಲ್ಲಿಗೆ ಬಂದಾಗ, ಅಂಗಳದಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಬೆರಳು ಈಗಲೂ ಅದೇ ಓಟ. ದಾರದ ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೆ. ದಾರ ಹಸಿರೋ ಕೆಂಪೋ ಎಂಬುದರಿಂದ ಶುರು ಮಾಡಿದೆ. ಹಸಿರು ಎಂದಳು, ನನಗೆ ಸಮಾಧಾನವಾಯಿತು. ಆಮೇಲೆ ಕೇಳಿದೆ. ಅವಳು ಮಾಲೆಯ ತುದಿಯನ್ನು ಗಂಟು ಹಾಕಿ, ಹೂಗಳ ಒಳಗೆ ಸಿಕ್ಕಿಸಿ, ಎದ್ದು ದೇವರ ಕೋಣೆಗೆ ಹೋದಳು. ನಾನು ಕೇಳಿದ್ದು ಇಷ್ಟೇ:

“ಚಿಗವ್ವಾ, ಆಯಿ ಆ ಚೀಟಿ ಒಳಗ ಸಿಗಿಸೂದನ್ನ ನೀ ನೋಡಿದ್ದೇನು?”